ಕೆಲಸ ದೂರ ಹೋಯ್ತು, ಮನೆ ಮಾರಬೇಕಾ?

ಪ್ರಶ್ನೆ: ನಮ್ಮಪ್ಪ ಯಾದವಗಿರಿಯ ಜಾವಾ ಬೈಕ್ ಫ್ಯಾಕ್ಟರಿಗೆ ನಡೆದೇ ಹೋಗುತ್ತಿದ್ದರು. ನಾನು ಕುವೆಂಪುನಗರದಿಂದ ಮೈಸೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಓಡಾಡುತ್ತೇನೆ. ಕೆಲಸ ಯಾಕೆ ಊರಾಚೆಗೇ ಹೋಗುತ್ತೆ? ಇಲ್ಲಿ ಮನೆ ಮಾರಿ ಅಲ್ಲೇ ಕೊಳ್ಳಲಾ?
– ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಮಾರಬೇಡಿ.

ನಿಮ್ಮ ತಂದೆಯವರ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಷ್ಟು ಹೊತ್ತಿಗೆ ಸುತ್ತ ಮನೆಗಳೇ ತುಂಬಿದ್ದವು. ಊರು ಬೆಳೆದಂತೆ ನಡುವಿನ ಜಾಗದ ಬೆಲೆ ಏರುತ್ತೆ, ಲಾರಿ ತಿರುಗಿಸೋಕೂ ಜಾಗ ಇರಲ್ಲ, ಪಕ್ಕದ ಮನೆಯವರು ಹೊಗೆ, ಸದ್ದು ಅಂತ ದೂರು ಕೊಡುತ್ತಾರೆ, ಆಗ ಹೊಸ ಷೆಡ್ಡು ಹಾಕುವವರು ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿ ಕಡೆ ನೋಡುತ್ತಾರೆ, ಸಾಫ್ಟ್‌ವೇರ್ ಕಂಪನಿಗೂ ಎಕರೆಗಟ್ಟಲೆ ಜಾಗ ಬೇಕಲ್ವಾ, ಇನ್ಫೋಸಿಸ್ ಹೆಬ್ಬಾಳಕ್ಕೆ ಬಂದದ್ದೂ ಹಾಗೆಯೇ. ಬೆಂಗಳೂರಲ್ಲಿ ಇದು ಇನ್ನೂ ಜಾಸ್ತಿ. ಬಿನ್ನಿ ಮಿಲ್ಲಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ಕೆಲಸ ಪೀಣ್ಯಕ್ಕೆ ಹೋಯಿತು, ಆಮೇಲೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡು, ಹೊರವರ್ತುಲ ರಸ್ತೆ.

ಆದರೆ ಎಲ್ಲ ಕೆಲಸವೂ ಆಚೆ ಹೋಗಲ್ಲ. ಕಚೇರಿ, ಕೋರ್ಟು, ಆಸ್ಪತ್ರೆ, ದೇವರಾಜ ಅರಸು ರಸ್ತೆಯ ಅಂಗಡಿ ಒಳಗೇ ಇವೆ. ಒಂದೇ ಮನೆಯಲ್ಲಿ ಗಂಡನ ಕೆಲಸ ಊರಾಚೆಯ ಕೂರ್ಗಳ್ಳಿಯಲ್ಲಿ, ಹೆಂಡತಿಯದು ಕೆ.ಆರ್. ಆಸ್ಪತ್ರೆಯಲ್ಲಿ ಅಂದರೆ ಯಾರ ಹತ್ತಿರ ಮನೆ ಮಾಡೋದು? ನಿಮ್ಮ ಮನೆಯವರ ಕೆಲಸ, ಮಕ್ಕಳ ಶಾಲೆ ಎಲ್ಲಿ ಅಂತ ನೀವು ಬರೆದಿಲ್ಲ. ಅದನ್ನು ಮೊದಲು ಲೆಕ್ಕ ಹಾಕಿ. ಓಡಾಟ ನಿಜಕ್ಕೂ ಸುಸ್ತು ಮಾಡುತ್ತಿದ್ದರೆ ಈ ಮನೆ ಬಾಡಿಗೆಗೆ ಕೊಟ್ಟು, ಹೆಬ್ಬಾಳದ ಕಡೆ ಒಂದು ವರ್ಷ ಬಾಡಿಗೆಗಿದ್ದು ನೋಡಿ. ಕಂಪನಿ ಬದಲಾದರೂ ಕೈಲಿ ಮನೆ ಇರುತ್ತೆ.