ಬೆಲ್ಟ್ ಇತ್ತು, ಕೊಕ್ಕೆಯೂ ಇತ್ತು

ಪ್ರಶ್ನೆ: ಉಕ್ಕಿನ ಶೆಡ್ ಎಬ್ಬಿಸುವ ತಂಡದಲ್ಲಿದ್ದೇನೆ. ಹೋದ ತಿಂಗಳು ನಾಲ್ಕು ಮೀಟರ್ ಎತ್ತರದ ಬೀಮ್ ಮೇಲಿಂದ ಜೊತೆಗಾರ ಬಿದ್ದ. ಭುಜ, ತೊಡೆಗಳಿಗೂ ಪಟ್ಟಿಯಿರುವ ಸೇಫ್ಟಿ ಬೆಲ್ಟ್ ಹಾಕಿದ್ದ, ಅದರ ಹಗ್ಗದ ಕೊಕ್ಕೆಯನ್ನೂ ಸಿಕ್ಕಿಸಿದ್ದ. ಆದರೂ ನೆಲಕ್ಕೆ ಬಡಿದು ಹಿಮ್ಮಡಿ ಒಡೆಯಿತು. ಬೆಲ್ಟ್ ಕಳಪೆಯೇ? ಈಗ ಅದನ್ನೇ ತೊಳೆದು ನನಗೆ ಕೊಟ್ಟಿದ್ದಾರೆ.
– ಓದುಗ, ಪೀಣ್ಯ ಎರಡನೇ ಹಂತ

ಉತ್ತರ: ಬೆಲ್ಟನ್ನು ಬೈಯುವ ಮೊದಲು ಹೇಳಿ, ಕೊಕ್ಕೆ ಎಲ್ಲಿತ್ತು? ನೀವು ಬರೆದಿಲ್ಲ. ನಿಂತ ಬೀಮಿಗೇ, ಕಾಲ ಬುಡದಲ್ಲೇ ಸುತ್ತಿತ್ತೆಂದು ನನ್ನ ಊಹೆ. ಮೂವತ್ತೊಂದು ವರ್ಷದ ಎರೆಕ್ಷನ್ ಕೆಲಸದಲ್ಲಿ, ಅಂದರೆ ಉಕ್ಕಿನ ಚೌಕಟ್ಟು ಎಬ್ಬಿಸುವುದರಲ್ಲಿ, ನಾನು ಹೆಚ್ಚಾಗಿ ಕಂಡದ್ದು ಅದನ್ನೇ.

ಲೆಕ್ಕ ಹಾಕೋಣ. ಹಗ್ಗ ಸಾಮಾನ್ಯವಾಗಿ 1.8 ಮೀಟರ್. ಬಿದ್ದ ರಭಸಕ್ಕೆ ಅದರ ಶಾಕ್ ಅಬ್ಸಾರ್ಬರ್, ಅಂದರೆ ಜಗ್ಗು ತಗ್ಗಿಸಲು ಮಡಚಿ ಹೊಲಿದ ಪಟ್ಟಿ, ಹೊಲಿಗೆ ಬಿಚ್ಚಿಕೊಂಡು ಇನ್ನೊಂದು ಮೀಟರ್ ಉದ್ದವಾಗುತ್ತದೆ. ಬಿಚ್ಚಿಕೊಳ್ಳಲೇಬೇಕು, ಇಲ್ಲವಾದರೆ ಆ ಜಗ್ಗನ್ನು ಮೈಯೇ ತಿನ್ನಬೇಕು. ಬೆನ್ನಿನ ಉಂಗುರದಿಂದ ಪಾದಕ್ಕೆ ಒಂದೂವರೆ ಮೀಟರ್. ಕೊಕ್ಕೆಯಿಂದ ಕೆಳಕ್ಕೆ ಒಟ್ಟು 4.3 ಮೀಟರ್. ಬೀಮ್ ಇದ್ದದ್ದು ನಾಲ್ಕರಲ್ಲಿ. ಬೆಲ್ಟ್ ಹಿಡಿಯುತ್ತಿರುವಾಗಲೇ ನೆಲ ಸಿಕ್ಕಿತು.

ಕೊಕ್ಕೆ ತಲೆಯ ಮೇಲಿದ್ದಿದ್ದರೆ ಪಾದ ನೆಲದಿಂದ ಒಂದೂವರೆ ಮೀಟರ್ ಮೇಲಾದರೂ ನಿಲ್ಲುತ್ತಿತ್ತು. ಚಾವಣಿ ಹೊರುವ ಟ್ರಸ್ ಇನ್ನೂ ಏರದಿರುವಾಗ ಮೇಲೆ ಸಿಕ್ಕಿಸಲು ಏನಿದೆ ಎನ್ನುತ್ತೀರಿ. ಅದಕ್ಕೇ ಕಂಬಗಳು ನೆಲದ ಮೇಲೆ ಮಲಗಿರುವಾಗಲೇ ಕೊಕ್ಕೆ ಸಿಕ್ಕಿಸುವ ಲೈಫ್‌ಲೈನ್ ತಂತಿಯನ್ನು ಕಟ್ಟಲು ಕಿವಿ (ತೂತಿನ ಉಕ್ಕಿನ ತುಂಡು) ಬೆಸೆಯಬೇಕು. ಕಂಬ ನಿಂತ ಮೇಲೆ ಬೆಸೆಯಲು ಹತ್ತುವವನಿಗೆ ಮತ್ತೆ ಕೊಕ್ಕೆ ಎಲ್ಲಿ? ನಮ್ಮ ಕಾಲದಲ್ಲಿ ಸೊಂಟಕ್ಕೊಂದು ಪಟ್ಟಿ ಅಷ್ಟೆ. ನೆಲಮಂಗಲದ ಬಳಿ ಪರ್ಲಿನ್ (ಚಾವಣಿ ಶೀಟು ಹೊರುವ ಅಡ್ಡಪಟ್ಟಿ) ಮೇಲಿಂದ ನಾನು ಜಾರಿ ಬಿದ್ದಾಗ ಅದೇ ಹೊಟ್ಟೆಯನ್ನು ಹಿಂಡಿತು. ನನ್ನ ಎಡ ಮೊಣಕೈ ಇಂದಿಗೂ ನೇರವಾಗುವುದಿಲ್ಲ. ದೋಸೆ ಹುಯ್ಯುವುದು ಬಲಗೈಯಲ್ಲೇ.

ಒಬ್ಬ ನೇತಾಡುತ್ತಿದ್ದರೆ ಕ್ರೇನ್ ಬರಲಿ ಎಂದು ಕಾಯಬೇಡಿ. ಪಟ್ಟಿ ತೊಡೆಯನ್ನು ಒತ್ತಿ ರಕ್ತ ಕಾಲಿಗಿಳಿದು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಏಣಿಯೋ ಆಳನ್ನು ಎತ್ತುವ ಲಿಫ್ಟೋ ಮೊದಲೇ ಹತ್ತಿರವಿರಲಿ.

ನಿಮ್ಮ ಜೊತೆಗಾರನ ಬೆನ್ನೆಲುಬಿನ ಎಕ್ಸ್‌ರೇ ತೆಗೆದಿದ್ದಾರೆಯೇ ಕೇಳಿ. ಎತ್ತರದಿಂದ ಬಿದ್ದು ಹಿಮ್ಮಡಿ ಒಡೆದವರಲ್ಲಿ ಕೆಲವರಿಗೆ ಸೊಂಟದ ಭಾಗದ ಬೆನ್ನೆಲುಬೂ ಬಿರಿದಿರುತ್ತದೆ. ಹಿಮ್ಮಡಿಯ ನೋವಿನಲ್ಲಿ ಅದು ಮರೆತುಹೋಗುತ್ತದೆ.

ಇನ್ನು ತೊಳೆದ ಬೆಲ್ಟ್. ಒಮ್ಮೆ ಬಿದ್ದವನನ್ನು ಹಿಡಿದದ್ದು ಮತ್ತೆ ಯಾರ ಮೈಗೂ ಏರಬಾರದು, ದರ್ಜಿಯ ಹತ್ತಿರ ಹೊಲಿಸಿದರೂ. ಬರಿದೇ ಬಿಸಾಡಬೇಡಿ, ಗುಜರಿಯಿಂದ ಇನ್ನೊಬ್ಬ ಎತ್ತಿಕೊಂಡಾನು. ಬ್ಲೇಡಿನಿಂದ ಪಟ್ಟಿಗಳನ್ನು ಕತ್ತರಿಸಿ, ತುಂಡುಗಳನ್ನು ಸೂಪರ್‌ವೈಸರ್ ಮೇಜಿನ ಮೇಲೆ ಇಟ್ಟು ಹೊಸದು ಕೇಳಿ.