ಐಸ್ ಬಕೆಟ್ ಚಾಲೆಂಜ್‌ನಲ್ಲಿ ಬಂದ ದುಡ್ಡು ಏನಾಯಿತು?

2014ರಲ್ಲಿ ಎಎಲ್‌ಎಸ್ ಅನ್ನುವ ನರರೋಗಕ್ಕೆ ದೇಣಿಗೆ ಕೂಡಿಸಲು ಜನ ತಲೆ ಮೇಲೆ ಐಸ್ ನೀರು ಸುರಿದುಕೊಂಡರಲ್ಲ, ಅದರಿಂದ ರೋಗಿಗಳಿಗೆ ನಿಜಕ್ಕೂ ಉಪಯೋಗ ಆಯಿತಾ, ಇಲ್ಲಿದ್ದುಕೊಂಡು ನಾವೇನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ಉಪಯೋಗ ಆಗಿದೆ. ಕಾಯಿಲೆ ವಾಸಿ ಮಾಡುವ ಔಷಧ ಮಾತ್ರ ಇನ್ನೂ ಬಂದಿಲ್ಲ. ನನ್ನ ಭಾವ ಇದೇ ಕಾಯಿಲೆಯಲ್ಲಿ ತೀರಿಕೊಂಡವರು, ಹಾಗಾಗಿ ಆ ದುಡ್ಡು ಎಲ್ಲೆಲ್ಲಿ ಹೋಯಿತು ಅನ್ನುವುದನ್ನು ಅಂದಿನಿಂದ ಗಮನಿಸುತ್ತಲೇ ಬಂದಿದ್ದೇನೆ.

ಕಾಯಿಲೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಸಾಯುತ್ತಾ ಹೋಗುತ್ತವೆ. ನಮ್ಮ ಡಾಕ್ಟರುಗಳು ಇದನ್ನು ಎಂಎನ್‌ಡಿ (ಮೋಟಾರ್ ನ್ಯೂರಾನ್ ಕಾಯಿಲೆ) ಅಂತಲೂ ಕರೆಯುತ್ತಾರೆ. ಕೈಕಾಲು, ಮಾತು, ನುಂಗುವುದು, ಕೊನೆಗೆ ಉಸಿರಾಟ ಎಲ್ಲವೂ ಸೋಲುತ್ತದೆ. ಲಕ್ಷಣ ಕಂಡ ಮೇಲೆ ಹೆಚ್ಚಿನವರು ಬದುಕುವುದು ಎರಡರಿಂದ ಐದು ವರ್ಷ. ಸ್ಟೀಫನ್ ಹಾಕಿಂಗ್ ಅರ್ಧ ಶತಮಾನಕ್ಕೂ ಮಿಕ್ಕಿ ಬದುಕಿದ್ದು ತೀರಾ ಅಪರೂಪ. ಮನೆಯವರ ಎದುರು ದಯವಿಟ್ಟು ಆ ಉದಾಹರಣೆ ಕೊಡಬೇಡಿ. ಅಕ್ಕನಿಗೆ ಬಂದವರೆಲ್ಲ ಅದನ್ನೇ ಹೇಳಿ ಹೋಗುತ್ತಿದ್ದರು.

ಆ ಚಾಲೆಂಜ್ ಎಎಲ್‌ಎಸ್‌ಗಾಗಿ ಇಷ್ಟು ಹಬ್ಬಿದ್ದು ರೋಗಿಗಳಿಂದಲೇ. ಬಾಸ್ಟನ್ ಕಾಲೇಜ್ ಬೇಸ್‌ಬಾಲ್ ತಂಡದ ನಾಯಕನಾಗಿದ್ದ ಪೀಟ್ ಫ್ರೇಟ್ಸ್, ನ್ಯೂಯಾರ್ಕ್ ಕಡೆಯ ಪ್ಯಾಟ್ ಕ್ವಿನ್ ಇಬ್ಬರಿಗೂ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಬಂದಿತ್ತು. ಫ್ರೇಟ್ಸ್ 2019ರಲ್ಲಿ, 34ನೇ ವಯಸ್ಸಿಗೆ ಹೋದರು. ಮರುವರ್ಷ ಕ್ವಿನ್ ಕೂಡ. ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಆ ಒಂದೇ ಬೇಸಿಗೆಯಲ್ಲಿ 11.5 ಕೋಟಿ ಡಾಲರ್ ಬಂತು. ಅದರಲ್ಲಿ 7.7 ಕೋಟಿಯನ್ನು, ಅಂದರೆ ಮೂರರಲ್ಲಿ ಎರಡು ಪಾಲನ್ನು, ಸಂಶೋಧನೆಗೆ ಇಟ್ಟರು.

ಒಂದು ಪಾಲು ಪ್ರಾಜೆಕ್ಟ್ ಮೈನ್ ಅನ್ನುವ ಅಂತರರಾಷ್ಟ್ರೀಯ ಯೋಜನೆಗೆ ಹೋಯಿತು. ಸಾವಿರಾರು ರೋಗಿಗಳ ಡಿಎನ್‌ಎ ಓದಿ ಹೋಲಿಸುವ ಕೆಲಸ ಅದು. 2016ರಲ್ಲಿ ಎನ್‌ಇಕೆ1 ಅನ್ನುವ ಜೀನ್‌ಗೂ ಈ ಕಾಯಿಲೆಗೂ ನಂಟಿದೆ ಅಂತ ಪತ್ತೆಯಾಗಿದ್ದು ಇದರ ನೆರವಿನಿಂದ. ಇನ್ನೊಂದು ಪಾಲು, 22 ಲಕ್ಷ ಡಾಲರ್, ಅಮಿಲಿಕ್ಸ್ ಅನ್ನುವ ಸಣ್ಣ ಕಂಪನಿಯ ಔಷಧ ಪರೀಕ್ಷೆಗೆ. ಚಿಕ್ಕ ಪರೀಕ್ಷೆಯಲ್ಲಿ ಆಸೆ ಹುಟ್ಟಿಸಿದ ಆ ಔಷಧಕ್ಕೆ 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೂ ಸಿಕ್ಕಿತು. 2024ರಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ ಸುಮ್ಮನೆ ಕೊಟ್ಟ ಡಮ್ಮಿ ಔಷಧಕ್ಕಿಂತ ಇದು ಮೇಲಲ್ಲ ಅಂತಾಯಿತು. ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ದುಡ್ಡು ದಂಡವಾಯಿತು ಅಂತ ಕೆಲವರು ಬರೆದರು. ನಾನು ಒಪ್ಪುವುದಿಲ್ಲ. ಕೆಲಸ ಮಾಡದ ಔಷಧವನ್ನು ಕೆಲಸ ಮಾಡುವುದಿಲ್ಲ ಅಂತ ಖಚಿತ ಮಾಡಿಕೊಳ್ಳುವುದಕ್ಕೂ ಖರ್ಚಿದೆ. ಆ ಖರ್ಚನ್ನು ಯಾರಾದರೂ ಹೊರದಿದ್ದರೆ ಮನೆಮಾರು ಅಡವಿಟ್ಟು ಅದೇ ಔಷಧ ತರಿಸುವವರು ಇಂದಿಗೂ ಇರುತ್ತಿದ್ದರು.

ನನಗೆ ಬೇಸರವಿರುವುದು ಬೇರೆ ವಿಷಯಕ್ಕೆ. ಒಂದು ಬೇಸಿಗೆಯಲ್ಲಿ ಹೊಳೆಯಂತೆ ಬಂದ ಹಣ ಆಮೇಲೆ ಹಾಗೆ ಬರಲಿಲ್ಲ. ಈ ಸಂಶೋಧನೆ ನಡೆಯುವ ವೇಗ ನೋಡಿ: ಈ ಕಾಯಿಲೆ ತರುವ ಎಸ್‌ಒಡಿ1 ಜೀನಿನ ದೋಷ ಗೊತ್ತಾಗಿದ್ದು 1993ರಲ್ಲಿ, ಅದಕ್ಕೆಂದೇ ಮಾಡಿದ ಟೋಫರ್ಸನ್ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಮೂವತ್ತು ವರ್ಷ! ಅದೂ ಶೇಕಡ 2ರಷ್ಟು ರೋಗಿಗಳಿಗೆ ಮಾತ್ರ ಹೊಂದುವಂಥದ್ದು. ಪ್ರತಿ ವರ್ಷ ತಪ್ಪದೆ ಬರುವ ಸಣ್ಣ ಮೊತ್ತವೇ ಇಲ್ಲಿ ಹೆಚ್ಚು ಬೇಕಾದದ್ದು.

ಭಾರತದಲ್ಲಿ ಆಗ ನೀರು ಪೋಲಾಗುತ್ತದೆ ಅನ್ನುವ ಮಾತು ಬಂತು. ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಳಾನಿಧಿ ಅದರ ಬದಲು ಬಡವರಿಗೆ ಬಕೆಟ್ ತುಂಬ ಅಕ್ಕಿ ಕೊಡೋಣ ಅಂದರು. ಒಳ್ಳೆಯ ಕೆಲಸ, ಬೇಕಾದಷ್ಟು ಜನ ಕೈಜೋಡಿಸಿದರು. ಆದರೆ ಕಾಯಿಲೆಯ ಹೆಸರು ನಮ್ಮ ಜನರ ಕಿವಿಗೆ ಬೀಳಲೇ ಇಲ್ಲ.

ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳಬಹುದು. ಭಾವನಿಗೆ ಮೊದಲು ಆಗಿದ್ದು ಇಷ್ಟೇ, ನಡೆಯುವಾಗ ಬಲಗಾಲಿನ ಹವಾಯಿ ಚಪ್ಪಲಿ ತಾನಾಗಿ ಕಳಚಿಕೊಳ್ಳುತ್ತಿತ್ತು. ಸಯಾಟಿಕಾ ಅಂದರು, ಸೊಂಟಕ್ಕೆ ಬೆಲ್ಟ್, ಫಿಸಿಯೋಥೆರಪಿ. ಹೆಬ್ಬೆರಳ ಬುಡದ ಮಾಂಸ ಕರಗಿ ಅಂಗೈಯಲ್ಲಿ ಗುಳಿ ಬಿದ್ದ ಮೇಲೆ ನರರೋಗ ತಜ್ಞರ ಹತ್ತಿರ ಹೋದದ್ದು. ನೋವಿಲ್ಲ, ಜೋಮಿಲ್ಲ, ಆದರೆ ಶಕ್ತಿ ಕುಂದುತ್ತಿದೆ, ಸ್ನಾಯು ಸಣ್ಣಗಾಗುತ್ತಿದೆ, ಚರ್ಮದಡಿ ಮಾಂಸ ಅದುರುತ್ತಿದೆ ಅಂದರೆ ತಡ ಮಾಡದೆ ನ್ಯೂರಾಲಜಿಸ್ಟ್‌ಗೆ ತೋರಿಸಿ. ಬೇಗ ಗೊತ್ತಾದರೆ ಕಾಯಿಲೆಯ ವೇಗ ತಗ್ಗಿಸುವ ರಿಲುಝೋಲ್ ಔಷಧ ಬೇಗ ಶುರುವಾಗುತ್ತದೆ. ಅದರಿಂದ ಆಯಸ್ಸು ಹೆಚ್ಚುವುದು ಕೆಲವು ತಿಂಗಳು ಮಾತ್ರ, ನಿಜ. ಆದರೆ ಹೊಟ್ಟೆಗೆ ಟ್ಯೂಬ್ ಹಾಕಿಸುವುದು, ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮೆಷಿನ್, ಕರೆಂಟ್ ಹೋದರೆ ಅದು ನಿಲ್ಲದಂತೆ ಯುಪಿಎಸ್, ಇದಕ್ಕೆಲ್ಲ ಮನೆಯವರು ಅಣಿಯಾಗುವುದಕ್ಕೂ ಸಮಯ ಬೇಕು.

ಮಾತು ಪೂರ್ತಿ ನಿಂತ ಮೇಲೆ ಅಕ್ಕ ಮಕ್ಕಳ ವರ್ಣಮಾಲೆ ಚಾರ್ಟ್ ತಂದಳು. ಸಾಲಿನ ಮೇಲೆ ಬೆರಳಿಡುವಳು, ಹೌದಾದರೆ ಭಾವ ರೆಪ್ಪೆ ಮುಚ್ಚಬೇಕು. ಆಮೇಲೆ ಅಕ್ಷರ, ಆಮೇಲೆ ಗುಣಿತ, ಒತ್ತಕ್ಷರ ಬಂದರೆ ಮತ್ತೆ ಮೊದಲಿಂದ. ‘ಬೆನ್ನು ತುರಿಸು’ ಅನ್ನುವುದು ಹೊರಬರುವಷ್ಟರಲ್ಲಿ ಇಬ್ಬರಿಗೂ ಸುಸ್ತು. ಒಬ್ಬ ಹುಡುಗ ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ಏನು ಮಾಡಲಿ ಅಂತ ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ: ಕಣ್ಣಾಡಿಸಿ ಕನ್ನಡ ಬರೆಯುವುದಕ್ಕೆ ಕಡಿಮೆ ಖರ್ಚಿನ ಒಂದು ಸಾಧನ ಮಾಡು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ದುಡ್ಡು ಕೊಡುವವರು ಒಮ್ಮೆ ಕೊಟ್ಟು ಮರೆಯುವುದಕ್ಕಿಂತ ವರ್ಷ ವರ್ಷ ಕೊಡಿ. ಸಂಶೋಧನೆಗೆ ದುಡ್ಡಿನಷ್ಟೇ ಬೇಕಾದದ್ದು ರೋಗಿಗಳ ರಕ್ತ ಮತ್ತು ಅಂಗಾಂಶದ ಮಾದರಿ. ಕಿವುಡಿನ ಜೊತೆ ಬರುವ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ ಅಂತ ಒಂದು ಬಗೆ ಹೆಚ್ಚಾಗಿ ಕಂಡದ್ದು ದಕ್ಷಿಣ ಭಾರತದಲ್ಲೇ. ಇಂಥದ್ದನ್ನು ಬರೀ ಹೊರದೇಶದವರ ಡಿಎನ್‌ಎ ಇಟ್ಟುಕೊಂಡು ಅರ್ಥ ಮಾಡಿಕೊಳ್ಳಲಾಗದು. ನಿಮ್ಮ ಪರಿಚಯದಲ್ಲಿ ರೋಗಿಗಳಿದ್ದು, ಆಸ್ಪತ್ರೆಯಲ್ಲಿ ಅಧ್ಯಯನಕ್ಕೆ ರಕ್ತ ಕೇಳಿದರೆ ಹೆದರದೆ ಕೊಡಲು ಹೇಳಿ, ನಮ್ಮ ಭಾವ ಕೊಟ್ಟಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಬ್ಯಾಂಕ್ ಇದೆ, ತೀರಿಕೊಂಡವರ ಮಿದುಳನ್ನು ಸಂಶೋಧನೆಗೆ ದಾನ ಮಾಡಬಹುದು. ಸಾವಾದ ಮೇಲೆ ಹೆಚ್ಚು ಹೊತ್ತು ಬಿಡುವಂತಿಲ್ಲ, ಮನೆಯವರ ಒಪ್ಪಿಗೆಯೂ ಬೇಕು. ಹಾಗಾಗಿ ರೋಗಿಗೆ ಮನಸ್ಸಿದ್ದರೆ ಅವರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಎಲ್ಲರೂ ಕೂತು ತೀರ್ಮಾನ ಮಾಡಿಕೊಂಡು, ಬ್ಯಾಂಕಿನವರನ್ನು ಸಂಪರ್ಕಿಸುವುದು ಹೇಗೆ ಅಂತ ವಿಚಾರಿಸಿಟ್ಟುಕೊಳ್ಳಿ.