ಹುಲ್ಲಿನೊಳಗೆ ಅವಿತು ಕೂತಾಗ

ಹೋದ ಸಂಚಿಕೆಯಲ್ಲಿ ಮಾತಿನ ನಡುವೆ "ಕದ್ದು ಅವಿತು ಆಡುವ ವಿಡಿಯೋ ಗೇಮ್ ಅಂದ್ರೆ ನನಗೆ ಪ್ರಾಣ" ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಟು ಇವತ್ತು ಇದನ್ನೇ ನೋಡೋಣ.

ಪ್ರಶ್ನೆ: ಮೇಡಂ, ಕೈಯಲ್ಲಿ ಗನ್ ಇರುತ್ತದೆ, ಬೇಕಾದಷ್ಟು ಗುಂಡೂ ಇರುತ್ತದೆ. ಆದರೂ ನಾನು ಹುಲ್ಲಿನಲ್ಲಿ ಹತ್ತು ನಿಮಿಷ ಕೂತು, ಗಾರ್ಡ್ ಯಾವಾಗ ಬೆನ್ನು ತಿರುಗಿಸುತ್ತಾನೆ ಅಂತ ಕಾಯುತ್ತೇನೆ. ರೂಂಮೇಟ್‌ಗಳು ನಗುತ್ತಾರೆ. ಇದರಲ್ಲಿ ಏನು ಮಜಾ ಅಂತ ಅವರಿಗೆ ಹೇಳೋಕೆ ನನಗೇ ಬರ್ತಿಲ್ಲ. — ಒಬ್ಬ ಓದುಗ, ಚಿಂಚವಡ, ಪುಣೆ

ಉತ್ತರ: ನಗಲಿ ಬಿಡಿ. ನಾನೂ ನಿಮ್ಮ ಪೈಕಿಯೇ.

2003ರ ಸುಮಾರು. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಕೆಳಗೇ ಒಂದು ಸೈಬರ್ ಕೆಫೆ ಇತ್ತು. ಗಂಟೆಗೆ 20 ರೂಪಾಯಿ. ಅಣ್ಣ ಕೀಬೋರ್ಡ್, ನಾನು ಮೌಸ್, ಒಂದೇ ಕುರ್ಚಿಯಲ್ಲಿ ಇಬ್ಬರೂ ಅರ್ಧರ್ಧ ಕೂತು ಪ್ರಾಜೆಕ್ಟ್ ಐಜಿಐ ಆಡುತ್ತಿದ್ದೆವು. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿದ ಗೇಮ್, 2000ದಲ್ಲಿ ಬಂದದ್ದು. ಆಗ ಆಡಿದವರಿಗೆಲ್ಲ ಗೊತ್ತು, ಅದರಲ್ಲಿ ಮಿಷನ್ ನಡುವೆ ಸೇವ್ ಮಾಡೋಕೆ, ಅಂದರೆ ಆಡಿದಷ್ಟನ್ನು ಉಳಿಸಿಟ್ಟುಕೊಳ್ಳೋಕೆ, ಆಗುತ್ತಿರಲಿಲ್ಲ. ಅರ್ಧ ಗಂಟೆ ಬೇಲಿ ಪಕ್ಕ ತೆವಳಿ, ಕ್ಯಾಮೆರಾ ಕಣ್ಣು ತಪ್ಪಿಸಿ, ಏಣಿ ಹತ್ತಿ, ಇನ್ನೇನು ಮುಗೀತು ಅನ್ನುವಾಗ ಎಲ್ಲೋ ಒಬ್ಬ ನೋಡಿಬಿಟ್ಟರೆ ಅಲಾರಂ ಕೂಗುತ್ತಿತ್ತು, ಗಾರ್ಡ್‌ಗಳು ಇರುವೆ ಹಾಗೆ ಹೊರಗೆ ಬರುತ್ತಿದ್ದರು, ಮತ್ತೆ ಮೊದಲಿಂದ. ಅಲಾರಂ ಕೂಗದ ದಿನ ಲೋಡ್‌ಶೆಡ್ಡಿಂಗ್. ಕರೆಂಟ್ ಹೋಗಿ ಆಟ ಹಾಳಾದರೂ ಕೆಫೆಯವನು ಪೂರ್ತಿ ದುಡ್ಡು ತಗೊಳ್ಳುತ್ತಿದ್ದ, ಆ ಸಿಟ್ಟು ಇನ್ನೂ ಇದೆ ನನಗೆ.

ಆದರೆ ಆ ಭಯದಿಂದಲೇ ನಾವು ಕಾಯೋದನ್ನು ಕಲಿತದ್ದು. ಅಣ್ಣ ಓಡೋಣ ಅಂತಿದ್ದ, ನಾನು "ತಡಿ, ಇನ್ನೊಂದು ಸುತ್ತು ಬರ್ಲಿ" ಅಂತಿದ್ದೆ. ಕೆಲವು ದಿನ ಕಳೆಯುವಷ್ಟರಲ್ಲಿ ಆ ಗಾರ್ಡ್ ಎಷ್ಟು ಹೆಜ್ಜೆಗೆ ತಿರುಗುತ್ತಾನೆ, ಎಲ್ಲಿ ನಿಲ್ಲುತ್ತಾನೆ ಅನ್ನೋದು ನಮ್ಮ ಬಿಲ್ಡಿಂಗ್ ವಾಚ್‌ಮನ್‌ಗಿಂತ ಜಾಸ್ತಿ ಗೊತ್ತಾಗಿತ್ತು.

ಹುಲ್ಲಿನಲ್ಲಿ ಕೂತಾಗ ನಿಮಗೆ ಸಿಗೋದು ಇದೇ. ಓಡುತ್ತಾ ಗುಂಡು ಹೊಡೆಯುವವನಿಗೆ ಎದುರಿನವನು ಬರೀ ಒಂದು ಗುರಿ. ಕಾಯುವವನಿಗೆ ಹಾಗಲ್ಲ, ಅವನನ್ನು ನೋಡಲೇಬೇಕು, ಬೇರೆ ಕೆಲಸವೇ ಇಲ್ಲ. ನೋಡ್ತಾ ನೋಡ್ತಾ ಅವನ ಮಾತು ಕಿವಿಗೆ ಬೀಳುತ್ತದೆ. ಚಳಿ ಅಂತ ಗೊಣಗುತ್ತಾನೆ, ಪಕ್ಕದವನ ಹತ್ತಿರ ಸಾಹೇಬರನ್ನು ಬೈಯುತ್ತಾನೆ. 2020ರ ದಿ ಲಾಸ್ಟ್ ಆಫ್ ಅಸ್ ಗೇಮ್‌ನ ಎರಡನೇ ಭಾಗದಲ್ಲಿ ಇದನ್ನು ಹೊಟ್ಟೆ ಕಿವುಚುವ ಹಾಗೆ ಮಾಡಿದ್ದಾರೆ. ನೀವು ಒಬ್ಬನನ್ನು ಕೊಂದು ಅವಿತರೆ, ಅವನ ಜೊತೆಗಾರ ಬಂದು ಹೆಣ ನೋಡಿ ಅವನ ಹೆಸರು ಹಿಡಿದು ಕೂಗುತ್ತಾನೆ. ಕಪಾಟಿನ ಹಿಂದೆ ಕೂತು ಆ ಕೂಗು ಕೇಳಿದಾಗ ನಾನು ಕಂಟ್ರೋಲರ್, ಅಂದರೆ ಆಡೋಕೆ ಕೈಯಲ್ಲಿ ಹಿಡಿಯುವ ಬಟನ್‌ಗಳ ಸಾಧನ, ಕೆಳಗಿಟ್ಟು ಎದ್ದು ನೀರು ಕುಡಿದು ಬಂದೆ. ನಿಜ.

ಈ ಅವಿತು ಆಡುವ ಆಟ ಹುಟ್ಟಿದ ಕಥೆಯೂ ಚೆನ್ನಾಗಿದೆ. ಇದಕ್ಕೆ ಹೆಸರು ತಂದ ಮೆಟಲ್ ಗಿಯರ್ 1987ರಲ್ಲಿ ಜಪಾನಿನ ಕೊನಾಮಿ ಕಂಪನಿಯಿಂದ ಬಂತು. ಅಲ್ಲಿ ಗೇಮ್ ಮಾಡುತ್ತಿದ್ದ ಹಿದೆಯೊ ಕೊಜಿಮಾ ಅವರಿಗೆ ಒಪ್ಪಿಸಿದ್ದು ಯುದ್ಧದ ಗೇಮ್ ಮಾಡುವ ಕೆಲಸ. ಆದರೆ ಎಂಎಸ್‌ಎಕ್ಸ್2 ಅನ್ನೋ ಆ ಕಾಲದ ಕಂಪ್ಯೂಟರ್‌ಗೆ ತುಂಬ ಸೈನಿಕರನ್ನೂ ಗುಂಡುಗಳನ್ನೂ ಪರದೆ ಮೇಲೆ ಒಟ್ಟಿಗೆ ಓಡಿಸುವ ತಾಕತ್ತು ಇರಲಿಲ್ಲ. ಹಾಗಾದರೆ ಹೊಡೆದಾಟ ಬೇಡ, ತಪ್ಪಿಸಿಕೊಳ್ಳೋದೇ ಆಟ ಆಗಲಿ ಅಂದುಕೊಂಡರು. ಹತ್ತು ಬೈ ಹತ್ತರ ಖೋಲಿಯಲ್ಲಿ ಮಡಚುವ ಮಂಚ ಹಾಕುತ್ತೇವಲ್ಲ, ಹಾಗೆ.

ರೂಂಮೇಟ್‌ಗಳಿಗೆ ಇದೆಲ್ಲ ಹೇಳಬೇಡಿ. ಹೆಡ್‌ಫೋನ್ ಕೊಟ್ಟು, ದೀಪ ಆರಿಸಿ, 1998ರ ಥೀಫ್ ಆಡೋಕೆ ಕೂರಿಸಿ. ಚಿತ್ರ ಹಳೇದು, ಮುಖಗಳು ಮರದ ತುಂಡಿನ ಹಾಗಿವೆ. ಆದರೆ ಕಂಬಳಿ ಮೇಲೆ ನಡೆದರೆ ಸದ್ದಿಲ್ಲ, ಕಬ್ಬಿಣದ ಮೇಲೆ ಕಾಲಿಟ್ಟರೆ ಠಣ್ ಅನ್ನುತ್ತದೆ, ನೀರಿನ ಬಾಣ ಬಿಟ್ಟು ಪಂಜು ಆರಿಸಬಹುದು. ನಗುವವರು ಎರಡನೇ ಪಂಜಿನ ಹೊತ್ತಿಗೆ ಉಸಿರು ಬಿಗಿ ಹಿಡಿದಿರುತ್ತಾರೆ.

ಪ್ರಶ್ನೆ: ನನಗೆ 66 ವರ್ಷ. ಮೊಮ್ಮಗ ಆಡುವುದನ್ನು ಪಕ್ಕದಲ್ಲಿ ಕೂತು ನೋಡುತ್ತೇನೆ. ಅರ್ಧ ಹೊತ್ತು ಸಿನಿಮಾ ಓಡುತ್ತದೆ, ಅರ್ಧ ಹೊತ್ತು ಅವನು ಓಡುತ್ತಾನೆ. ಇದನ್ನು ಕಥೆ ಅನ್ನಬೇಕೋ ಆಟ ಅನ್ನಬೇಕೋ? — ಒಬ್ಬ ಹಿರಿಯರು, ಮಾಟುಂಗಾ

ಉತ್ತರ: ನಮಸ್ಕಾರ ಸರ್. ಮಾಟುಂಗಾದವರು ಅಂದ ಮೇಲೆ ಮಳೆಗಾಲದಲ್ಲಿ ಊರಿಂದ ಬರುವ ಯಕ್ಷಗಾನ ಮೇಳಗಳನ್ನು ನೋಡಿಯೇ ಇರುತ್ತೀರಿ. ಕೀಚಕ ವಧೆ ನೆನಪು ಮಾಡಿಕೊಳ್ಳಿ. ಕತ್ತಲ ನಾಟ್ಯಶಾಲೆ, ಹೆಣ್ಣಿನ ವೇಷದಲ್ಲಿ ಸುಮ್ನೆ ಕಾದು ಕೂತ ಭೀಮ, ಏನೂ ಗೊತ್ತಿಲ್ಲದೆ ಸಿಂಗರಿಸಿಕೊಂಡು ಒಳಗೆ ಬರುವ ಕೀಚಕ. ಮೊಮ್ಮಗ ಆಡೋದು ಇದನ್ನೇ. ಅಜ್ಞಾತವಾಸವಂತೂ ಪೂರ್ತಿ ಈ ಜಾತಿಯ ಆಟ: ಒಂದು ವರ್ಷ ವೇಷ ಮರೆಸಿಕೊಂಡು ಇರಬೇಕು, ಸಿಕ್ಕಿಬಿದ್ದರೆ ಮತ್ತೆ 12 ವರ್ಷ ಕಾಡು. ನಮ್ಮ ಐಜಿಐ ಅದಕ್ಕಿಂತ ಎಷ್ಟೋ ಮೇಲು.

ವ್ಯತ್ಯಾಸ ಒಂದೇ. ರಂಗದ ಮೇಲೆ ಭೀಮ ಸಿಕ್ಕಿಬೀಳೋದಿಲ್ಲ ಅಂತ ನಿಮಗೆ ಗೊತ್ತು, ನೆಮ್ಮದಿಯಿಂದ ಚುರುಮುರಿ ತಿನ್ನಬಹುದು. ಇಲ್ಲಿ ಭೀಮನ ಕಾಲು ನಿಮ್ಮ ಹೆಬ್ಬೆರಳಿನಲ್ಲಿದೆ. ಸ್ವಲ್ಪ ಜಾಸ್ತಿ ಒತ್ತಿದರೆ ಗೆಜ್ಜೆ ಸದ್ದಾಗುತ್ತದೆ.

ಕಥೆ ಮತ್ತು ಆಟ ಎರಡೂ ಒಂದೇ ಆಗಿಬಿಡುವ ಜಾಗಗಳೂ ಇವೆ. 1998ರಲ್ಲಿ ಪ್ಲೇಸ್ಟೇಷನ್ ಅನ್ನೋ, ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ ಬಂದ ಮೆಟಲ್ ಗಿಯರ್ ಸಾಲಿಡ್‌ನಲ್ಲಿ ಸೈಕೋ ಮ್ಯಾಂಟಿಸ್ ಅಂತ ಒಬ್ಬ ಖಳ. ನಿನ್ನ ಮನಸ್ಸು ಓದುತ್ತೇನೆ ಅಂತಾನೆ. ಓದೋದು ಆಡಿದ್ದನ್ನು ಸೇವ್ ಮಾಡಿಡುವ ನಿಮ್ಮ ಮೆಮೊರಿ ಕಾರ್ಡ್! ಅದರಲ್ಲಿ ಕೊನಾಮಿಯದೇ ಬೇರೆ ಕೆಲವು ಗೇಮ್‌ಗಳ ಸೇವ್ ಇದ್ದರೆ ಅವುಗಳ ಮಾತು ಎತ್ತುತ್ತಾನೆ. ಆಮೇಲೆ ಕಂಟ್ರೋಲರ್ ನೆಲದ ಮೇಲಿಡು ಅಂತಾನೆ, ಇಟ್ಟರೆ ಅದು ತಾನಾಗಿಯೇ ಗಡಗಡ ನಡುಗಿ ಜರುಗುತ್ತದೆ. ಅವನನ್ನು ಸೋಲಿಸುವ ದಾರಿ ಏನು ಗೊತ್ತಾ? ಕಂಟ್ರೋಲರ್ ವೈರ್ ಕಿತ್ತು ಎರಡನೇ ಪೋರ್ಟ್‌ಗೆ ಹಾಕೋದು. ಆಗ ಅವನಿಗೆ ನಿಮ್ಮ ಮನಸ್ಸು ಸಿಗೋದಿಲ್ಲ. ಸಿನಿಮಾ ಇದನ್ನು ಹೇಗೆ ಮಾಡೀತು ಹೇಳಿ.

ಆದರೆ ನಿಮ್ಮ ದೂರಿನಲ್ಲಿ ಹುರುಳಿದೆ. ಅದೇ ಸರಣಿಯ ನಾಲ್ಕನೆಯ ಗೇಮ್, 2008ರದ್ದು, ಕೊನೆಗೆ ಒಂದು ಗಂಟೆಗೂ ಮೀರಿ ಬರೀ ದೃಶ್ಯ ತೋರಿಸುತ್ತದೆ. ನಾನು ಕಂಟ್ರೋಲರ್ ಹಿಡಿದುಕೊಂಡೇ ತೂಕಡಿಸಿದ್ದೆ. ಭಾಗವತರು ಪದ ಎತ್ತಬೇಕಾದ ಹೊತ್ತಿನಲ್ಲಿ ಅರ್ಥಧಾರಿ ಮಾತು ನಿಲ್ಲಿಸದಿದ್ದರೆ ಹೇಗಿರುತ್ತದೋ ಹಾಗೆ. ಕೆಲವರಿಗೆ ಅದೇ ಇಷ್ಟ, ಇರಲಿ.

ಪ್ರಶ್ನೆ: ಹಿಂದಿನಿಂದ ಬಂದು ಚುಚ್ಚುವವನು ಹೀರೋನಾ? ಹೇಡಿ ಅಲ್ವಾ? — ವಾಸ್ಕೊ, ಗೋವಾ

ಉತ್ತರ: ನಿಮ್ಮ ಪ್ರಶ್ನೆಯನ್ನೇ ಹಿಡಿದು ಒಂದು ಇಡೀ ಗೇಮ್ ಮಾಡಿದ್ದಾರೆ ನೋಡಿ. ಘೋಸ್ಟ್ ಆಫ್ ತ್ಸುಶಿಮಾ, 2020. ಜಪಾನಿನ ತ್ಸುಶಿಮಾ ದ್ವೀಪಕ್ಕೆ 1274ರಲ್ಲಿ ಮಂಗೋಲರು ನುಗ್ಗಿದ್ದು ಚರಿತ್ರೆ. ಕಥೆಯ ನಾಯಕ ಜಿನ್ ಸಕಾಯ್ ಒಬ್ಬ ಸಮುರಾಯ್, ಅಂದರೆ ಆ ಕಾಲದ ಜಪಾನಿನ ಯೋಧ. ಶತ್ರುವನ್ನು ಕೊಲ್ಲುವಾಗ ಕಣ್ಣಲ್ಲಿ ಕಣ್ಣಿಟ್ಟು ಕೊಲ್ಲಬೇಕು ಅಂತ ಸಾಕಿದ ಮಾವ ಕಲಿಸಿದ್ದಾರೆ. ಹಾಗೆ ಮರ್ಯಾದೆಯಿಂದ ಕುದುರೆ ಏರಿ ಹೋದ ಸಮುರಾಯ್‌ಗಳಲ್ಲಿ ಬಹುತೇಕ ಎಲ್ಲರೂ ಮೊದಲ ಯುದ್ಧದಲ್ಲೇ ಕಡಲ ದಂಡೆಯಲ್ಲಿ ಸಾಯುತ್ತಾರೆ. ಇವನು ಹೇಗೋ ಉಳಿಯುತ್ತಾನೆ. ಮೊದಲ ಸಲ ಹಿಂದಿನಿಂದ ಕತ್ತಿ ಹಾಕಬೇಕಾದಾಗ ಆ ಮಾವನ ಪಾಠ ಕಣ್ಣ ಮುಂದೆ ಬರುತ್ತದೆ, ಮತ್ತೆ ಬಟನ್ ಒತ್ತುವವರು ನಾವೇ. ನನಗೆ ಆ ಜಾಗದಲ್ಲಿ ನಿಜಕ್ಕೂ ಸಂಕೋಚ ಆಯಿತು. ಹತ್ತನೇ ಸಲಕ್ಕೆ ಆಗಲಿಲ್ಲ. ಆ ಗೇಮ್ ಹೇಳಬೇಕು ಅಂದುಕೊಂಡದ್ದೂ ಬಹುಶಃ ಇದನ್ನೇ.

ಕೊಲ್ಲೋದೇ ಬೇಡ ಅಂದರೆ 2012ರ ಡಿಸ್‌ಆನರ್ಡ್ ಆಡಿ. ಒಬ್ಬರನ್ನೂ ಕೊಲ್ಲದೆ ಮುಗಿಸಬಹುದು. ಜಾಸ್ತಿ ಕೊಂದಷ್ಟೂ ಊರಲ್ಲಿ ಇಲಿಗಳು ಹೆಚ್ಚುತ್ತವೆ, ಕೊನೆಯೂ ಕೆಟ್ಟದಾಗುತ್ತದೆ.

ಪ್ರಶ್ನೆ: ನನ್ನ ಮಗನಿಗೆ 16. ರಾತ್ರಿ ಕತ್ತಲಲ್ಲಿ ಕೂತು ಆಡುತ್ತಾನೆ. ಊಟಕ್ಕೆ ಕರೆದರೆ "ಶ್! ಅಮ್ಮಾ, ಈಗ ಬಿಟ್ರೆ ಸಿಕ್ಕಿಬೀಳ್ತೀನಿ" ಅಂತಾನೆ. ಚಪಾತಿ ತಣ್ಣಗಾಗುತ್ತದೆ. ಏನು ಮಾಡಲಿ? — ಒಬ್ಬ ತಾಯಿ, ಘಾಟ್‌ಕೋಪರ್

ಉತ್ತರ: ಅಕ್ಕಾ, ನಿಮ್ಮ ಮಗ ನನ್ನ ಮೇಲೆ ಸಿಟ್ಟಾಗಬಹುದು, ಆದರೂ ಹೇಳುತ್ತೇನೆ. ಒಬ್ಬರೇ ಆಡುವ ಈ ಕಥೆಯ ಗೇಮ್‌ಗಳನ್ನು ಬಹುತೇಕ ಯಾವಾಗ ಬೇಕಾದರೂ ನಿಲ್ಲಿಸಿ ಇಡಬಹುದು. ಒಂದು ಬಟನ್ ಒತ್ತಿದರೆ ಗಾರ್ಡ್ ಕಾಲೆತ್ತಿದವನು ಹಾಗೇ ನಿಲ್ಲುತ್ತಾನೆ, ನಾಳೆವರೆಗೂ ನಿಂತಿರುತ್ತಾನೆ. ನಾಲ್ಕು ಜನ ಸೇರಿ ಆನ್‌ಲೈನ್‌ನಲ್ಲಿ ಆಡುವ ಗೇಮ್ ಆದರೆ ಮಾತ್ರ ನಿಲ್ಲಿಸೋಕೆ ಆಗೋದಿಲ್ಲ. ಯಾವುದು ಅಂತ ಕೇಳಿ, ಮುಖ ನೋಡಿದರೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಗೇಮ್‌ನ ಡಬ್ಬದ ಮೇಲೆ ಅಥವಾ ಅದನ್ನು ಕೊಳ್ಳುವ ಪುಟದಲ್ಲಿ ವಯಸ್ಸಿನ ಅಂಕಿ ಇರುತ್ತದೆ. ನಾನು ಮೇಲೆ ಹೊಗಳಿದವುಗಳಲ್ಲಿ ದಿ ಲಾಸ್ಟ್ ಆಫ್ ಅಸ್, ತ್ಸುಶಿಮಾ, ಡಿಸ್‌ಆನರ್ಡ್ ಮೂರೂ 18 ಆದವರಿಗೆ. ಅದು ಸುಮ್ನೆ ಹಾಕಿದ ಅಂಕಿ ಅಲ್ಲ, ಕುತ್ತಿಗೆ ಕುಯ್ಯುವುದನ್ನು ಹತ್ತಿರದಿಂದ ತೋರಿಸುತ್ತಾರೆ. ಬೈಯುವ ಮೊದಲು ಒಂದು ದಿನ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಬೇಕಾದರೆ ಬೈಯಿರಿ. ಚಪಾತಿ ಅವನೇ ಬಿಸಿ ಮಾಡಿಕೊಳ್ಳಲಿ.

ಪ್ರಶ್ನೆ: ಎಲ್ಲ ಜಪಾನ್, ಅಮೆರಿಕ. ನಮ್ಮ ಊರು, ನಮ್ಮ ಜನ ಇರುವ ಇಂಥ ಗೇಮ್ ಇಲ್ವಾ? — ಒಬ್ಬ ಓದುಗಿ, ಠಾಣೆ

ಉತ್ತರ: ಇವೆ ಇವೆ. ಹಿಟ್‌ಮ್ಯಾನ್ 2, 2018ರದ್ದು, ಅದರಲ್ಲಿ ಮುಂಬೈಯೇ ಒಂದು ಮಿಷನ್. ಜನಜಂಗುಳಿ, ಬಟ್ಟೆ ಒಗೆಯುವ ಜಾಗ, ಅರ್ಧ ಕಟ್ಟಿದ ಟವರ್, ಸಿನಿಮಾ ಶೂಟಿಂಗ್, ಎಲ್ಲ ಇದೆ. ಮೂವರನ್ನು ಹುಡುಕಬೇಕು, ಅವರಲ್ಲಿ ಒಬ್ಬ ಈಗ ನೋಡೋಕೆ ಹೇಗಿದ್ದಾನೆ ಅನ್ನೋದೇ ನಿಮಗೆ ಗೊತ್ತಿರೋದಿಲ್ಲ. ಜನರ ಮಾತಿಗೆ ಕಿವಿಗೊಟ್ಟು ಪತ್ತೆ ಮಾಡಬೇಕು. ಆಡುವಾಗ ಇದು ಹೊರಗಿನವರು ಕಟ್ಟಿದ ಮುಂಬೈ ಅಂತ ಗೊತ್ತಾಗುತ್ತದೆ, ಆದರೂ ಜನರ ನಡುವೆ ಮಾಯ ಆಗೋಕೆ ಇದಕ್ಕಿಂತ ಒಳ್ಳೆ ಊರು ಯಾವುದಿದೆ. ದಾದರ್ ಬ್ರಿಜ್ ಮೇಲೆ ಸಂಜೆ ಏಳಕ್ಕೆ ನಿಂತವರಿಗೆ ತರಬೇತಿ ಬೇಕಿಲ್ಲ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ರಾಜಿ ಅಂತ ಒಂದು ಗೇಮ್ ತಂದರು. ಅವಿತುಕೊಳ್ಳುವ ಆಟ ಅಲ್ಲ, ಹೊಡೆದಾಟವೇ. ಆದರೆ ಕಥೆ ಹೇಳುವ ದೃಶ್ಯಗಳನ್ನು ನೆರಳು ಗೊಂಬೆಗಳಲ್ಲಿ ಮಾಡಿದ್ದಾರೆ, ನಮ್ಮ ತೊಗಲು ಗೊಂಬೆ ಆಟ ನೋಡಿದ ಹಾಗೇ ಆಗುತ್ತದೆ. ದೊಡ್ಡ ಕಂಪನಿಗಳ ಕೋಟಿ ಖರ್ಚಿನ ಕಟ್‌ಸೀನ್‌ಗಿಂತ ನನಗೆ ಅದು ಹೆಚ್ಚು ಹಿಡಿಸಿತು.

ಇನ್ನು ನಿಮಗಾಗಿಯೇ ಕೊನೆಗೆ ಇಟ್ಟದ್ದು: ಅನ್‌ಚಾರ್ಟೆಡ್ ದಿ ಲಾಸ್ಟ್ ಲೆಗಸಿ, 2017. ಕಥೆ ನಡೆಯೋದು ನಮ್ಮ ಪಶ್ಚಿಮ ಘಟ್ಟದಲ್ಲಿ. ಕ್ಲೋಯಿ ಮತ್ತು ನಡೀನ್ ಅನ್ನೋ ಇಬ್ಬರು ಹೆಂಗಸರು ಗಣೇಶನ ದಂತ ಹುಡುಕಿಕೊಂಡು ಹೊಯ್ಸಳರ ಹಳೇ ರಾಜಧಾನಿಗೆ ಹೋಗುತ್ತಾರೆ. ಬೇಲೂರು, ಹಳೇಬೀಡು ಅನ್ನೋ ಹೆಸರುಗಳನ್ನು ಟಿವಿಯೊಳಗಿಂದ ಕೇಳಿದಾಗ ನಾನು ಕೂತಲ್ಲೇ ನೆಟ್ಟಗಾದೆ. ಅಲ್ಲಿನ ಎತ್ತರ ಹುಲ್ಲಿನಲ್ಲಿ ಅವಿತು ಕೂತರೆ ಗಾರ್ಡ್ ತಲೆ ಮೇಲಿನ ಗುರುತು ಬಿಳಿಯಿಂದ ಹಳದಿಗೆ ತಿರುಗುವುದು ಕಾಣುತ್ತದೆ, ಅಂದರೆ ಅವನಿಗೆ ಅನುಮಾನ ಬಂತು ಅಂತ.

ನಮ್ಮಮ್ಮನ ತವರು ಹಾಸನದ ಕಡೆ. ಕರೆದು ತೋರಿಸಿದೆ. ಬೆಟ್ಟದಷ್ಟು ಎತ್ತರದ ವಿಗ್ರಹ, ಪಕ್ಕದಲ್ಲಿ ಭೋರ್ಗರೆಯುವ ಜಲಪಾತ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಹಳೇಬೀಡಲ್ಲಿ ಇರೋದು ಕೆರೆ, ಇಷ್ಟು ನೀರು ಎಲ್ಲಿಂದ ಬಂತು?" ಅಂದರು. ನಾನು ಹುಲ್ಲಿನಲ್ಲಿ ಕೂತೇ ಇದ್ದೆ, ಗಾರ್ಡ್ ಎರಡು ಹೆಜ್ಜೆ ದೂರದಲ್ಲಿದ್ದ, ಗುರುತು ಹಳದಿ ಆಗಿತ್ತು, ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಅವನು ಆಕಡೆ ತಿರುಗಿದ, ನಾನು ಉಸಿರು ಬಿಟ್ಟು ಮೆಲ್ಲಗೆ ದೇವಸ್ಥಾನದ ಒಳಗೆ ಜಾರಿಕೊಂಡೆ.

"ಅಯ್ಯೋ," ಅಂದರು ಅಮ್ಮ, "ಬೂಟು ಹಾಕ್ಕೊಂಡೇ ಹೋದಳಲ್ಲೇ!"